ಕಿಂಡಿಗೆ ತುರುಕಿದ ಗೋಣಿಚೀಲ

ನಮ್ಮ ಗರಡಿಗೆ ಕಿಟಕಿ ಇರಲಿಲ್ಲ. ಬಗ್ಗಿ ಹೋಗುವಂಥ ಗಿಡ್ಡ ಬಾಗಿಲು, ತಲೆಯ ಮೇಲಿನ ಮಣ್ಣಿನ ಮಾಳಿಗೆಯಲ್ಲೊಂದು ಕಿಂಡಿ, ಅಷ್ಟೆ. ಬೆವತ ಮೈಗೆ ಗಾಳಿ ತಾಗಬಾರದೆಂಬುದು ಸಿಂದಗಿ ಕಡೆಯ ಪೈಲ್ವಾನರ ನಂಬಿಕೆ. ನಾನೂ ನಂಬಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ತೆರಡು. ಇಂಡಿ ಊರಿನ ಕುಸ್ತಿಗೆ ಇಪ್ಪತ್ತು ದಿನ ಇದ್ದಾಗ ಫ್ಲೂ ಜ್ವರ ಬಂದು ಮಲಗಿಸಿಬಿಟ್ಟಿತು. ಆರನೇ ದಿನ ಎದ್ದೆ. ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ತೇಕು ಹತ್ತಿತು. ಸಿಂದಗಿಯ ಡಾಕ್ಟರು, ಇನ್ನೆರಡು ತಿಂಗಳು ಸಾಮು ಬೇಡ, ಬಯಲಲ್ಲಿ ಸುಮ್ಮನೆ ಕೂತಿರು ಎಂದರು. ನಾನು ಕೇಳಬೇಕಲ್ಲ! ನಾನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ವಸ್ತಾದರ ಮುಂದೆ ಹೋಗಿ ಅತ್ತೆ. ಅರವತ್ತು ದಾಟಿದ ಮನುಷ್ಯ. ಎಂಟನೇ ವಯಸ್ಸಿನಿಂದ ನನ್ನನ್ನು ಕುಸ್ತಿಗೆ ತಿದ್ದಿದವರು.

“ದಮ್ ಹೋಗೇತ್ರಿ ವಸ್ತಾದ್ರ. ಹೆಂಗರ ಮಾಡಿ ತಿರುಗಿ ಕೊಡ್ರಿ.”

“ಹೋದ ದಮ್ ಬಯಲಾಗ ಸಿಗೂದಿಲ್ಲ ತಮ್ಮಾ. ಗಾಳಿ ಕಟ್ಟಿದ್ರ ಸಿಗತೈತಿ. ನಾಳೆ ಬಾ.”

ಹಳೆಯ ಪದ್ಧತಿ ಅದು. ಬಾಗಿಲು ಹಾಕಿಕೊಂಡು, ಉಸಿರು ಬಿಗಿಹಿಡಿದು, ಕೂತು ಏಳುವ ಸಪಾಟಿ ಹೊಡೆಯುವುದು. ಗಾಳಿ ಕಡಿಮೆಯಾದಷ್ಟೂ ಎದೆ ಬಲಿಯುತ್ತದಂತೆ. ಕಿಂಡಿಯನ್ನು ಮಾತ್ರ ಅವರು ತೆರೆದೇ ಬಿಟ್ಟಿದ್ದರು. ಅದಕ್ಕೂ ಗೋಣಿಚೀಲ ತುರುಕಿದವನು ನಾನೇ. ಅವರು ನನ್ನೆದುರೇ ಕೂತು, ತೊಡೆ ತಟ್ಟುತ್ತ ಎಣಿಸುತ್ತಿದ್ದರು. ಆರಕ್ಕೋ ಏಳಕ್ಕೋ ನನ್ನ ಉಸಿರು ಒಡೆದು, ಅವರ ಮುಖದ ಮೇಲೆಯೇ ಕೆಮ್ಮುತ್ತಿದ್ದೆ. ಹೆಗಲ ವಲ್ಲಿಯಿಂದ ಮೊದಲು ನನ್ನ ಬಾಯಿ ಒರೆಸಿ, ಅದರಲ್ಲೇ ತಮ್ಮ ಮುಖ ಒರೆಸಿಕೊಳ್ಳುತ್ತಿದ್ದರು.

ಐದನೇ ದಿನ ಅವರು ಗರಡಿಗೆ ಬರಲಿಲ್ಲ. ಮನೆಗೆ ಹೋದೆ. ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ನನ್ನದೇ ಜ್ವರ, ನನ್ನದೇ ಕೆಮ್ಮು. ಅವರ ಹೆಂಡತಿ ನನಗೆ ಕೂರಲು ಮಣೆ ಹಾಕಿ, ಚಹಾ ತಂದುಕೊಟ್ಟರು. ಬೈದಿದ್ದರೆ ಚೂರು ಹಗುರಾಗುತ್ತಿದ್ದೆನೇನೋ.

“ಇವತ್ತ ಒಂದ ದಮ್ಮಿಗೆ ಎಷ್ಟ ಆದೂ?” ಎಂದು ವಸ್ತಾದರು ಕೇಳಿದರು.

“ಐವತ್ತ್ರಿ,” ಎಂದೆ. ಹತ್ತೂ ಆಗಿರಲಿಲ್ಲ.

“ಹಂಗಾರ ನಾ ಗೆದ್ನೆಪಾ,” ಎಂದು ನಕ್ಕರು. ನಗೆಯ ಹಿಂದೆಯೇ ಕೆಮ್ಮು ಬಂತು.

ಅದಾದ ಮೂರನೇ ದಿನ ತೀರಿಕೊಂಡರು. ವಯಸ್ಸಾಗಿತ್ತು ಬಿಡು ಎಂದು ಊರು ಸಮಾಧಾನ ಹೇಳಿತು. ಗೋಣಿಚೀಲದ ಮಾತು ನಾನು ಯಾರಿಗೂ ಹೇಳಲಿಲ್ಲ. ಕುಸ್ತಿಗೂ ಹೋಗಲಿಲ್ಲ. ಹೊಲದ ಬದುವಿನ ಮೇಲೆ ದಿನಗಟ್ಟಲೆ ಸುಮ್ಮನೆ ಕೂತಿರುತ್ತಿದ್ದೆ. ಡಾಕ್ಟರು ಹೇಳಿದಂತೆಯೇ ದಮ್ ತಾನಾಗಿ ತಿರುಗಿ ಬಂತು. ಬರಬಾರದಿತ್ತು ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಅಲ್ಲೇ ಎದ್ದು ನಿಂತು, ಉಸಿರು ಹಿಡಿದು ಸಪಾಟಿ ಹೊಡೆದೆ. ಐವತ್ತು ಆದವು. ಎಣಿಸುವವರು ಯಾರೂ ಇರಲಿಲ್ಲ.