ಅಕ್ಕನ ಬೊಂಬೆಗಳನ್ನು ಅಳಿಸಿದ್ದು

ಅಕ್ಕ ಬರೆದ ಚಿತ್ರಗಳನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಬೇಕಿತ್ತು. ನಾನು ಮಾಡಿಕೊಳ್ಳಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಆಮೇಲೆ ಎಷ್ಟೋ ದಿನ ಅದನ್ನು ಅವಳಿಗೆ ಹೇಳಲೂ ಇಲ್ಲ.

ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದ ಕಾಲ ಅದು. ಅಲ್ಲಿಯ ಆಫೀಸೊಂದರಿಂದ ಹೊರಬಿದ್ದ ಹಳೇ ಸಾಮಾನಿನಲ್ಲಿ, ಪರದೆಯ ಮೇಲೆಯೇ ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್ ಕಂಪ್ಯೂಟರೊಂದು ನಮ್ಮ ಮನೆಗೆ ಬಂತು. ತೊಡೆಯ ಮೇಲಿಟ್ಟುಕೊಂಡರೆ ಇಡ್ಲಿ ಪಾತ್ರೆಯಷ್ಟು ಬಿಸಿ.

ನಾವು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು. ಆಕಾರ ಬರೆಯುವುದು ಅಕ್ಕ. ಲೇತಿನಲ್ಲಿ ಮರ ಕಡೆದು ಬಣ್ಣದ ಅರಗು ಹಚ್ಚುವುದು ನಾನು. ಎರಡೇ ತಿಂಗಳಲ್ಲಿ ಅವಳು ಆ ಟ್ಯಾಬ್ಲೆಟ್ಟಿನಲ್ಲಿ ನಲವತ್ತು ಹೊಸ ಬೊಂಬೆ ಬರೆದಳು. ಅದರಲ್ಲೊಂದು ಕಾರ್ಖಾನೆ ಬಸ್ಸು, ಕಿಟಕಿಗೊಂದು ತಲೆ. ಬಸ್ಸು ಉರುಳಿದರೆ ತಲೆಗಳೆಲ್ಲ ತೂಕಡಿಸಬೇಕು.

"ಈ ಕೊನೇದು ನೀನೇ ಕಣ್ಲಾ, ಬಾಯ್ ಬುಟ್ಕೊಂಡ್ ಮಲ್ಗಿರೋದು," ಎಂದು ನಗುತ್ತಿದ್ದಳು.

ಮೆಷಿನ್ನಿನಲ್ಲಿ ಇದ್ದದ್ದೆಲ್ಲ ಇಂಗ್ಲಿಷು. ಏಳನೇ ಕ್ಲಾಸಿಗೆ ಬಿಟ್ಟ ನನಗೂ ಬಾರದು, ಅವಳಿಗೂ ಬಾರದು. ಕನ್ನಡದಲ್ಲೇ ನಡೆಯುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಪುಕ್ಕಟೆ ಸಿಗುತ್ತದೆಂದು, ಸೈಬರ್ ಸೆಂಟರ್ ಇಟ್ಟಿದ್ದ ಗೆಳೆಯ ಪೆನ್‌ಡ್ರೈವಿಗೆ ಹಾಕಿಕೊಟ್ಟ.

"ಹಳೇದೂ ಇರ್ಲಿ, ಇದ್ನ ಅದ್ರ ಪಕ್ಕಕ್ಕೆ ಹಾಕು. ಆನ್ ಮಾಡ್ದಾಗ ಯಾವ್ದು ಬೇಕು ಅಂತ ಅದೇ ಕೇಳ್ತದೆ. ಮೊದ್ಲು ಚಿತ್ರ ಕಾಪಿ ಮಾಡ್ಕೊಳ್ಲಾ, ಮರೀಬ್ಯಾಡ," ಎಂದ.

ನನಗೆ ಅದು ಸೋಮಾರಿಯ ಮಾತೆನಿಸಿತು. ನಮ್ಮ ಕಸುಬಿನಲ್ಲಿ ಹಳೇ ಬಣ್ಣದ ಮೇಲೆ ಹೊಸ ಅರಗು ನೆಟ್ಟಗೆ ಕೂರುವುದಿಲ್ಲ. ಮರ ಕಾಣುವ ತನಕ ಉಳಿಯಿಂದ ಕೆರೆಯಬೇಕು. ಪೆನ್‌ಡ್ರೈವ್ ಚುಚ್ಚಿದಾಗ, ಹಳೆಯದರ ಪಕ್ಕದಲ್ಲಿ ಹಾಕಲೋ, ಎಲ್ಲವನ್ನೂ ಅಳಿಸಿ ಹಾಕಲೋ ಎಂದು ಪರದೆ ಕೇಳಿತು. ಕನ್ನಡದಲ್ಲೇ ಕೇಳಿತು, ಓದಲು ಬರಲಿಲ್ಲವೆಂಬ ನೆಪವೂ ನನಗಿಲ್ಲ. ಅಳಿಸುವುದನ್ನೇ ಒತ್ತಿದೆ. ಹೋಗುವುದು ಬಣ್ಣ, ಅಕ್ಕನ ಚಿತ್ರಗಳು ಮರದ ಹಾಗೆ ಒಳಗೇ ಉಳಿಯುತ್ತವೆ ಎಂದುಕೊಂಡಿದ್ದೆ.

ಒಂದೂ ಉಳಿಯಲಿಲ್ಲ.

"ನನ್ ಬಸ್ಸೆಲ್ಲೋ?" ಎಂದಳು ಅಕ್ಕ.

"ಅದೇನೋ ವೈರಸ್ ಬಂದ್ಬುಟ್ಟೈತೆ."

ಅವಳು ಕೈಯಲ್ಲಿದ್ದ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಾನೇ ಒತ್ತಿ ಒತ್ತಿ ಬರ್ದು ಕೆಡಿಸ್ಬುಟ್ನೇನೋ," ಎಂದಳು.

ಅಲ್ಲ ಎನ್ನಲು ಒಂದೇ ಉಸಿರು ಸಾಕಿತ್ತು. ನಾನು ಹೋಗಿ ಲೇತಿನ ಮುಂದೆ ಕೂತೆ.

ಅವತ್ತಿನಿಂದ ಅಕ್ಕ ಬರೆಯುವುದನ್ನೇ ಬಿಟ್ಟಳು. ಕಾಗದದ ಮೇಲೂ ಬರೆಯಲಿಲ್ಲ. ಹೊಸದೇನು ಕಡೆಯಲಿ ಎಂದು ಕೇಳಿದರೆ, "ಹಳೇ ಬುಗುರಿನೇ ಕಡಿ, ಸಾಕು," ಎನ್ನುವಳು. ನನ್ನನ್ನು ಆಡಿಕೊಳ್ಳುವುದನ್ನೂ ನಿಲ್ಲಿಸಿದಳು. ನನಗೆ ಊಟ ಸೇರದಂತಾದದ್ದು ಅದರಿಂದಲೇ.

ಹದಿನೈದು ದಿನ ತಡೆದೆ. ಆಮೇಲೊಂದು ದಿನ, ಅವಳು ಬುಗುರಿಗಳನ್ನು ಬುಟ್ಟಿಗೆ ತುಂಬುತ್ತಿದ್ದಾಗ ಲೇತು ನಿಲ್ಲಿಸಿ, ಟ್ಯಾಬ್ಲೆಟ್ ತಂದು ಅವಳ ಮಡಿಲಲ್ಲಿಟ್ಟೆ. ಅವಳು ಎರಡೂ ಕೈ ಹಿಂದಕ್ಕೆಳೆದುಕೊಂಡಳು.

"ಬ್ಯಾಡಪ್ಪ, ನನ್ ಕೈ ಸೋಕಿದ್ರೆ ಮತ್ತೆ ಕೆಟ್ಟೋಯ್ತದೆ."

"ನಿನ್ ಕೈ ಏನೂ ಮಾಡಿಲ್ಲ ಕಣಕ್ಕ," ಎಂದೆ. "ವೈರಸ್ಸೂ ಇಲ್ಲ, ಗಿರಸ್ಸೂ ಇಲ್ಲ. ಮೊದ್ಲು ಚಿತ್ರ ಕಾಪಿ ಮಾಡ್ಕೊ ಅಂತ ಸೈಬರ್ ಸೆಂಟರ್ನೋನು ಬಾಯ್ ಬುಟ್ಟು ಹೇಳಿದ್ದ, ನಾನು ಮಾಡ್ಕೊಳ್ನಿಲ್ಲ. ನಿನ್ ಬೊಂಬೆ ಅಷ್ಟೂ ಅಳಿಸ್ದೋನು ನಾನೇ. ನೀನು ನಿನ್ ಕೈನ ಬೈಕೊಳ್ಳೋವಾಗ್ಲೂ ಕೇಳುಸ್ಕೊಂಡು ಸುಮ್ಕೆ ಕೂತಿದ್ದೆ. ತಪ್ಪಾಯ್ತು ಅಕ್ಕ."