ದೇವಕಮ್ಮ ಬೆಸೆದ ತೊಟ್ಟಿ

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತಾಯಪ್ಪನ ಅಂಗಡಿ. ಮೊದಲು ಬ್ರಷ್ ಹಿಡಿದು ಬೋರ್ಡು ಬರೆಯುತ್ತಿದ್ದ. ಫ್ಲೆಕ್ಸ್ ಬಂದು ಆ ಕೆಲಸ ನಿಂತಾಗ ಹೈದರಾಬಾದಿಗೆ ಹೋಗಿ, ಸುಲ್ತಾನಸಾಬ ಎಂಬ ಉಸ್ತಾದರ ಹತ್ತಿರ ಆಕ್ರಿಲಿಕ್ ಕೆಲಸ ಕಲಿತು ಬಂದ. ಗಾಜಿನಂಥ ಆ ಪ್ಲಾಸ್ಟಿಕ್ ಹಾಳೆಗಳನ್ನು ಜೋಡಿಸಿ ಮಿಠಾಯಿ ಪೆಟ್ಟಿಗೆ, ಬಹುಮಾನದ ಫಲಕ ಮಾಡುತ್ತಿದ್ದ. ಅವನು ಬೆಸೆದ ಮೂಲೆಯಲ್ಲಿ ಸಂದು ಎಲ್ಲಿದೆ ಎಂದು ಹುಡುಕಿ ನೋಡಬೇಕು, ಅಷ್ಟು ತಿಳಿ.

ಹೆಂಡತಿ ದೇವಕಮ್ಮ ದೋರನಹಳ್ಳಿಯ ಮಗಳು. ಕಾಲುವೆ ನೀರಿನ ಹೊಲಗಳಿಗೆ ಭತ್ತದ ನಾಟಿಗೂ ಹತ್ತಿ ಬಿಡಿಸಲಿಕ್ಕೂ ಹೋಗುತ್ತಿದ್ದಳು.

ಆ ಬೇಸಿಗೆಯಲ್ಲಿ ತಾಯಪ್ಪ ಗಿರಾಕಿಗಳನ್ನು "ಮಾಲು ಬಂದಿಲ್ರಿ" ಎಂದು ವಾಪಸ್ ಕಳಿಸತೊಡಗಿದ. ಒಂದು ಮಧ್ಯಾಹ್ನ ಬುತ್ತಿ ತಂದ ದೇವಕಮ್ಮ ನೋಡಿದರೆ ಹಾಳೆಗಳು ಗೋಡೆಗೆ ಒರಗಿ ನಿಂತಿವೆ. ಅವನು ತಂಬಿಗೆ ಎತ್ತಿದ. ಕೈ ಗಡಗಡ ನಡುಗಿ ನೀರೆಲ್ಲ ಅಂಗಿಯ ಮೇಲೆ ಚೆಲ್ಲಿತು.

"ಎಂದಿನಿಂದ ಹಿಂಗಾಗ್ಯಾದ್ರಿ?"

"ಸಂಕ್ರಾಂತಿ ಆದಾಗಿಂದ."

"ನನಗ್ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ನನ್ನ ಕೈ ನನ್ನ ಮಾತು ಕೇಳವಲ್ದು ಅಂತ ಹೇಳ್ಲ್ಯಾ?"

ಯಾದಗಿರಿಯ ಡಾಕ್ಟರು ಗುಳಿಗೆ ಕೊಟ್ಟರು. ನಡುಕ ಕಡಿಮೆಯಾದೀತು, ಪೂರ್ತಿ ಹೋಗಲಾರದು ಎಂದರು.

ಅದೇ ದಿನಗಳಲ್ಲಿ ದೋರನಹಳ್ಳಿ ಶಾಲೆಯ ವಿಜ್ಞಾನದ ಟೀಚರು ಮೋನಮ್ಮ ಅಂಗಡಿಗೆ ಬಂದರು. "ತಾಯಪ್ಪಣ್ಣ, ನಮ್ಮ ಮಕ್ಕಳು ದಿನಾ ಕಾಲುವಿ ನೋಡ್ತಾರ. ತೂಬಿನ ಬಾಗಲಾ ಎತ್ತಿದ್ರ ಒಳಗ ನೀರು ಹೆಂಗ ಹರೀತದ ಅಂತ ಯಾರೂ ನೋಡಿಲ್ಲ. ನಡುವ ಒಂದು ಸಣ್ಣ ಬಾಗಲಾ ಇಟ್ಟು, ನಾಲ್ಕೂ ಕಡಿಂದ ಕಾಣೋ ಒಂದು ತೊಟ್ಟಿ ಮಾಡಿ ಕೊಡ್ರಿ."

ತಾಯಪ್ಪ ಬಾಯಿ ತೆರೆಯುವ ಮೊದಲೇ ದೇವಕಮ್ಮ ಅಂದಳು: "ಮಾಡಿ ಕೊಡ್ತೀವ್ರಿ ಟೀಚರ್ರ."

ಅವರು ಹೋದ ಮೇಲೆ ಅವನು ಸಿಡುಕಿದ. "ಮಾಡೋರ್ಯಾರು?"

"ನೀವು ಹೇಳ್ರಿ. ನಾ ಮಾಡ್ತೀನಿ."

ಮೂರನೆಯ ದಿನ ತಾನೇ ಚೂರು ಹಾಳೆಗಳನ್ನು ಅವಳ ಮುಂದಿಟ್ಟ. ಬಾಗಿಲು ಕಿಟಕಿ ತೆರೆಸಿದ; ಹಾಳೆ ಬೆಸೆಯುವ ದ್ರಾವಣದ ವಾಸನೆ ತಲೆಗೆ ಏರುತ್ತದೆ. ಒಂದು ಹಾಳೆಯನ್ನು ಇನ್ನೊಂದರ ಮೇಲೆ ನೆಟ್ಟಗೆ ನಿಲ್ಲಿಸಿ, ಟೇಪು ಹಚ್ಚಿ, ಸಿರಿಂಜಿನ ಸೂಜಿಯಿಂದ ದ್ರಾವಣವನ್ನು ಸಂದಿನ ಗುಂಟ ಬಿಡಬೇಕು. ದೇವಕಮ್ಮ ಬಿಟ್ಟಳು. ಗಟ್ಟಿಯಾಗಲೆಂದು ಮೇಲಿನಿಂದ ಒತ್ತಿದಳು. ಸಂದಿನ ತುಂಬ ಗುಳ್ಳೆ ಎದ್ದವು.

"ಒತ್ತಬ್ಯಾಡ. ಇದು ಗೋಂದಲ್ಲ. ಎರಡೂ ಅಂಚು ಒಂದೀಟು ಕರಗಿ ಒಂದಾಗ್ತಾವ. ಅಂಚು ಸಮ ಇದ್ರ ಈ ಔಷಧ ತಾನಾಗೇ ಒಳಗ ಹೋಗ್ತದ. ಆಮ್ಯಾಲ ಮುಟ್ಟಬಾರ್ದು."

ಅಂಚು ಉಜ್ಜುವ ಕೆಲಸ ಅವನೇ ಇಟ್ಟುಕೊಂಡ. ಎರಡೂ ಕೈ ಊರಿ ಪಾಲಿಶ್ ಕಾಗದದ ಮೇಲೆ ಉಜ್ಜಿದರೆ ನಡುಕ ಅಷ್ಟಾಗಿ ಕಾಡುತ್ತಿರಲಿಲ್ಲ. ಬಿಸಿಲೇರಿದರೆ ದ್ರಾವಣ ಸೂಜಿಯ ತುದಿಯಲ್ಲೇ ಆರಿಹೋಗುತ್ತಿತ್ತು. ಹಾಗಾಗಿ ಬೆಳಗಿನ ತಂಪಿನಲ್ಲೇ ಇಬ್ಬರೂ ಅಂಗಡಿಗೆ ಬರತೊಡಗಿದರು.

ಮೊದಲ ತೊಟ್ಟಿಗೆ ನೀರು ತುಂಬಿದಾಗ ಒಂದು ಮೂಲೆಯಿಂದ ನೀರು ದಾರದಂತೆ ಇಳಿಯಿತು. ಬೆಸುಗೆ ಆರುವ ಮೊದಲೇ ದೇವಕಮ್ಮ ಆ ಬದಿಯ ಹಾಳೆಯನ್ನು ಸರಿಪಡಿಸಲು ಹೋಗಿ ಅಲುಗಿಸಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. "ಹಾಳಿನೂ ಹೋತು, ಟೀಚರಿಗೆ ಕೊಟ್ಟ ಮಾತೂ ಹೋತು."

ತಾಯಪ್ಪ ಪಕ್ಕದಲ್ಲಿ ಕೂತು ಅವಳ ತಲೆಯ ಮೇಲೆ ಕೈಯಿಟ್ಟ. ಇಷ್ಟು ದಿನ ಆ ಕೈಯನ್ನು ಜೇಬಿನಲ್ಲಿ ಮುಚ್ಚಿಟ್ಟುಕೊಂಡು ತಿರುಗುತ್ತಿದ್ದ. ಅವಳ ತಲೆಯ ಮೇಲೂ ಅದು ನಡುಗುತ್ತಲೇ ಇತ್ತು. ಅವನು ತೆಗೆಯಲಿಲ್ಲ.

"ಹಾಳಿ ಮತ್ತ ತರೂಣು," ಎಂದ. "ಉಳಿದ ಮೂರು ಮೂಲಿ ನೋಡು. ಹನಿ ಬಿದ್ದಿಲ್ಲ."

ಎರಡನೆಯ ತೊಟ್ಟಿಯ ಸಂದುಗಳಿಗೆ ಅವಳು ಸೂಜಿ ಹಿಡಿದಾಗ ಅವನು ಪಕ್ಕದಲ್ಲಿ ನಿಂತು ನೋಡಿದ. ಮಬ್ಬಾಗಿದ್ದ ಅಂಚು ಸೂಜಿಯ ಹಿಂದೆ ಹಿಂದೆಯೇ ತಿಳಿಯಾಗುತ್ತ ಹೋಯಿತು. ಎರಡು ದಿನ ಯಾರೂ ಮುಟ್ಟಲಿಲ್ಲ. ಆಮೇಲೆ ತೊಟ್ಟಿಯ ಕೆಳಗೆ ಹಳೆಯ ಪೇಪರು ಹಾಸಿ ನೀರು ತುಂಬಿ, ಎದುರಿಗೆ ಕೂತು ಸಂಜೆಯವರೆಗೆ ಕಾದರು. ಪೇಪರು ಒಂದಿಷ್ಟೂ ಒದ್ದೆಯಾಗಲಿಲ್ಲ.

ಶಾಲೆ ಶುರುವಾದ ವಾರ ಇಬ್ಬರೂ ತೊಟ್ಟಿಯನ್ನು ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿ ದೋರನಹಳ್ಳಿಗೆ ಒಯ್ದರು. ಮೋನಮ್ಮ ಟೀಚರು ತಳಕ್ಕೆ ಮರಳು ಹಾಸಿ, ಒಂದು ಬದಿಗೆ ನೀರು ಹೊಯ್ದು ನಡುವಿನ ಪುಟ್ಟ ಬಾಗಿಲನ್ನು ಎತ್ತಿದರು. ನೀರು ನುಗ್ಗಿತು. ತಳದ ಮರಳು ಎದ್ದು ಸುಳಿಯಾಗಿ ತಿರುಗಿತು. ಮಕ್ಕಳು ಹೋ ಎಂದರು.

"ಛಲೋ ಮಾಡೀರಿ ತಾಯಪ್ಪಣ್ಣ," ಅಂದರು ಟೀಚರು.

"ನಾ ಅಲ್ರಿ," ಎಂದು ತಾಯಪ್ಪ ಎಲ್ಲರ ಮುಂದೆಯೇ ನಡುಗುವ ಕೈ ಎತ್ತಿ ಹೆಂಡತಿಯ ಕಡೆ ತೋರಿಸಿದ. "ಇಕಿ ಮಾಡ್ಯಾಳ."

ದೇವಕಮ್ಮ ನಾಚಿ, ತೊಟ್ಟಿಯ ಆಚೆಗೆ ಹೋಗಿ ನಿಂತಳು. ಹಾಳೆಯಾಚೆಗೂ ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತಿದ್ದಳು.