ಹೆಸರಿದ್ದ ವಹಿ

ಹೋದ ವಾರ ಮಗಳು ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲೆ ಇಟ್ಟಳು. ಅವಳು ಗದಗಿನ ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತಾಳೆ. ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಮಕ್ಕಳಿಂದ ಹೇಳಿಸಲು ಒಂದು ಹಾಡು ಕಟ್ಟಿದ್ದಳು. ಅದರ ಸ್ವರ ಬರೆಯಲಿಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆಯಂತೆ. ಪರದೆಯ ಮೇಲೆ ಸಾಲು ಸಾಲಾಗಿ ಸ್ವರಗಳು, ಪ್ರತಿ ಸಾಲಿನ ಎಡಗಡೆ ಒಂದು ವಾದ್ಯದ ಹೆಸರು. ಆ ಹೆಸರಿನ ಮೇಲೆ ಒತ್ತಿದರೆ ವಾದ್ಯಗಳ ಉದ್ದನೆಯ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಈ ಸಾಲಿಗೆ ಯಾವುದನ್ನು ಹಾಕಲಿ ಎಂದು ಕೇಳಿದವಳು ನನ್ನ ಉತ್ತರಕ್ಕೂ ಕಾಯದೆ ಪಿಯಾನೊ ತೆಗೆದು ಕೊಳಲು ಹಾಕಿದಳು, ಕೊಳಲು ತೆಗೆದು ಕ್ಲಾರಿನೆಟ್ ಹಾಕಿದಳು. ಸ್ವರ ಅವೇ, ದನಿ ಮಾತ್ರ ಬೇರೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಒಬ್ಬರು ಎದ್ದು ಇನ್ನೊಬ್ಬರು ಕೂತ ಹಾಗೆ... ನಾನು ಎದ್ದು ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಸುಮ್ಮನೆ ನಿಂತೆ.

ಬೆಟಗೇರಿಯಲ್ಲಿ ನಮ್ಮ ಮನೆಯ ಎದುರಿಗೆ ಚಾಚಾನ ಮನೆ. ಅವರ ಹೆಸರು ಹಿಡಿದು ನಾವ್ಯಾರೂ ಕರೆದವರಲ್ಲ. ನಮ್ಮದು ನೇಕಾರರ ಓಣಿ, ಮುಂಜಾನೆಯಿಂದ ಸಂಜೆಯವರೆಗೆ ಮಗ್ಗದ ಸದ್ದು. ಆ ಸದ್ದಿನ ನಡುವೆ ಚಾಚಾ ಕಟ್ಟೆಯ ಮೇಲೆ ಕೂತು ಕ್ಲಾರಿನೆಟ್ ಊದುತ್ತಿದ್ದರು. ಚಾಚಾ ಊದುತ್ತಿದ್ದರೆ ಮಗ್ಗದ ಮೇಲೆ ಕಾಲು ತಾವಾಗಿಯೇ ಓಡುತ್ತವೆ ಎನ್ನುತ್ತಿದ್ದರು ನಮ್ಮಪ್ಪ.

ಅವರದು ಮದುವೆ ಬ್ಯಾಂಡು, ಒಟ್ಟು ಏಳು ಜನ. ಮಾಲಕ ಬೇರೆಯವನು, ಕೆಂಪು ಕೋಟು, ಟೊಪ್ಪಿಗೆ, ವಾದ್ಯ, ಅಂಗಡಿ ಎಲ್ಲಾ ಅವನವು. ಆದರೆ ಯಾವ ಹಾಡು, ಅದರ ಯಾವ ಸಾಲು ಯಾರಿಗೆ ಎಂದು ಗೊತ್ತು ಮಾಡುವವರು ಚಾಚಾ. ಅದಕ್ಕೊಂದು ವಹಿ ಇಟ್ಟಿದ್ದರು. ವಹಿ ಎಂದರೆ ನಮ್ಮ ಕಡೆ ನೋಟ್‌ಬುಕ್ಕು. ಮೂರನೆಯ ಇಯತ್ತೆಯವರೆಗೆ ಕಲಿತ ಕನ್ನಡದಲ್ಲಿ ಸರಿಗಮ ಬರೆದುಕೊಂಡಿದ್ದರು.

ನಾನು ಬಿ.ಎ. ಪಾಸಾದದ್ದು ಎಪ್ಪತ್ತರ ದಶಕದ ಕೊನೆಗೆ. ನಮ್ಮ ಮನೆತನದಲ್ಲಿ ಗಂಡು ಹೆಣ್ಣು ಎಲ್ಲ ಸೇರಿ ಮೊದಲನೆಯವಳು. ಲಾಳಿಗೆ ನೂಲು ಸುತ್ತುತ್ತ ಸುತ್ತುತ್ತ ಓದಿದವಳು ನಾನು. ಇದನ್ನು ಜಂಬದಿಂದಲೇ ಹೇಳುತ್ತೇನೆ, ಆಗಲೂ ಹೇಳುತ್ತಿದ್ದೆ. ನೌಕರಿಗೆ ಅರ್ಜಿ ಹಾಕಿ ಕಾಯುತ್ತಿದ್ದ ಆ ಬೇಸಿಗೆಯಲ್ಲಿ ಚಾಚಾ ಆ ವಹಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕಣ್ಣು ಮಂಜಾಗಿದೆ, ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದುಕೊಡು ಎಂದರು. ಓಣಿಯಲ್ಲಿ ಅಷ್ಟು ಜನರಿದ್ದರೂ ನನ್ನನ್ನೇ ಕೇಳಿದರು ಎಂದು ನನಗೆ ಹಿಗ್ಗು.

ವಹಿ ತೆರೆದರೆ ನನಗೆ ನಗು ಬಂತು. ಪ್ರತಿ ಸಾಲಿನ ಎಡಗಡೆ ವಾದ್ಯದ ಹೆಸರಿಲ್ಲ, ಊದುವವನ ಹೆಸರು! ಇಮಾಮ, ಯಲ್ಲಪ್ಪ, ಹೀಗೆ. ಚಾಚಾನ ಸ್ವಂತ ಸಾಲಿಗೆ ಬರೀ 'ನಾ' ಎಂದು ಬರೆದಿತ್ತು. ನಡುನಡುವೆ ಕಾಗದ ದಂಡ ಮಾಡಿದ ಹಾಗೆ ಖಾಲಿ ಜಾಗ. ಕೆಲವು ಕಡೆ ಸ್ವರಕ್ಕೆ ಸಂಬಂಧವೇ ಇಲ್ಲದ ಮಾತು: 'ಸಾವಾದ ಮನಿ ಬಂದ್ರ ಎಲ್ಲಾರೂ ನಿಲ್ಲಸೂದು. ನಾ ಒಬ್ಬಾಂವ, ಸಣ್ಣಗ.'

ಹದಿನೈದು ದಿನ ಕೂತು ಬರೆದೆ. ಕೆಂಪು ಮಸಿಯಿಂದ ಗೆರೆ ಹಾಕಿದೆ. ಜನರ ಹೆಸರು ತೆಗೆದು ಕ್ಲಾರಿನೆಟ್, ಕಾರ್ನೆಟ್, ಯೂಫೋನಿಯಂ, ಡ್ರಮ್ಮು ಎಂದು ಶಿಸ್ತಾಗಿ ಬರೆದೆ. ಖಾಲಿ ಜಾಗ ಮುಚ್ಚಿದೆ. ಆ ಸಾವಿನ ಮನೆಯ ಮಾತು ಬಿಟ್ಟುಬಿಟ್ಟೆ, ಅದು ಸಂಗೀತವಲ್ಲವಲ್ಲ.

ಚಾಚಾ ಹೊಸ ವಹಿಯ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು.

"ನಮ್ಮ ಮಂದಿ ಎಲ್ಲಿ ಹೋದ್ರವ್ವಾ?" ಎಂದು ಕೇಳಿದರು.

"ಮಂದಿ ಇವತ್ತ ಇರತಾರ, ನಾಳೆ ಬಿಟ್ಟ ಹೋಗತಾರ್ರಿ ಚಾಚಾ. ವಾದ್ಯ ಎಲ್ಲಿ ಹೋಗತಾವು? ಹಿಂಗ ಬರದ್ರ ಯಾರ ಬಂದ್ರೂ ನೋಡಿ ಬಾರಸಬಹುದು."

ಅವರು ವಹಿ ಮುಚ್ಚಿದರು. ಆಮೇಲೆ, "ನೀ ಕಲಿತಾಕಿ. ನಿನಗ ಗೊತ್ತಿರತೈತಿ" ಎಂದರು.

ಅಣಕದ ಮಾತಲ್ಲ ಅದು. ಖರೆ ಖರೆ ಅಂದದ್ದು. ಹಳೆಯದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಅದು ಯಾಕೆ ಬೇಕು, ಇಲ್ಲೇ ಇರಲಿ ಬಿಡಿ ಎಂದು ನಾನೇ ಇಸಿದುಕೊಂಡೆ. ಮರುದಿನ ಅವ್ವ ಬಚ್ಚಲ ಒಲೆ ಹೊತ್ತಿಸಲು ಕಾಗದ ಕೇಳಿದಳು. ನಾನೇ ತೆಗೆದುಕೊಟ್ಟೆ.

ನನಗೆ ಲಕ್ಷ್ಮೇಶ್ವರದ ಶಾಲೆಯಲ್ಲಿ ನೌಕರಿ ಸಿಕ್ಕಿತು, ಲಗ್ನವೂ ಆಯಿತು. ಶಾಲೆಗೆ ಸೂಟಿ ಬಿಟ್ಟು, ಬಸ್ಸು ಹತ್ತಿ ಬೆಟಗೇರಿಗೆ ಬಂದಾಗ ಚಾಚಾ ಕಟ್ಟೆಯ ಮೇಲಿಂದಲೇ ಮಾತಾಡಿಸುತ್ತಿದ್ದರು. ಏಳೆಂಟು ವರ್ಷ ಹೀಗೇ ಕಳೆದವು. ಆಮೇಲೊಮ್ಮೆ ಬಂದಾಗ ಚಾಚಿ ತೀರಿಕೊಂಡಿದ್ದರು. ಚಾಚಾ ಬಾಗಿಲು ಹಾಕಿಕೊಂಡು ಮನೆಯಲ್ಲೇ ಕೂತಿದ್ದರು. ದುಃಖಕ್ಕೆ ಹಾಗೆ ಕೂತಿದ್ದಾರೆ ಎಂದು ಓಣಿಯವರೆಲ್ಲ ತಿಳಿದಿದ್ದೆವು.

ಅದೇ ಹೊತ್ತಿಗೆ ನನ್ನ ತಂಗಿಯ ಲಗ್ನ ಗೊತ್ತಾಯಿತು, ಮುಂಡರಗಿಯ ಕಡೆ. ಅಪ್ಪನ ಜೊತೆ ಬ್ಯಾಂಡು ಹೇಳಲು ನಾನೂ ಹೋದೆ. ಮಾಲಕನ ಅಂಗಡಿಯಲ್ಲಿ ಹಲಗೆಯ ಮೇಲೆ ಒಂದು ಕೀಬೋರ್ಡು. ಅವನ ಅಕ್ಕನ ಮಗ, ಮೀಸೆ ತಿರುವಿಕೊಂಡ ಗಟ್ಟಿ ಆಳು, ಅದರ ಮುಂದೆ ಕೂತಿದ್ದ. ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕಾರ್ನೆಟ್, ಮತ್ತೊಂದು ಒತ್ತಿದರೆ ಕ್ಲಾರಿನೆಟ್. ಮಾಲಕನಿಗೆ ಹಿಡಿಸಲಾರದಷ್ಟು ಖುಷಿ.

"ಇದರೊಳಗ ಹತ್ತ ಮಂದಿ ಕುಂತಾರ್ರಿ ಅಕ್ಕಾರ. ಒಬ್ಬರೂ ಚಾ ಕೇಳಂಗಿಲ್ಲ."

ಅಪ್ಪ ಚಾಚಾನನ್ನು ವಿಚಾರಿಸಿದರು. ಊದುವವರೆಲ್ಲರನ್ನೂ ಬಿಡಿಸಿದ್ದಾಗಿ ಮಾಲಕ ಹೇಳಿದ. ಚಾಚಾ ಕೊನೆಯವರು, ಕೋಟು ಕ್ಲಾರಿನೆಟ್ ಎರಡೂ ತಾವಾಗಿಯೇ ತಂದು ಒಪ್ಪಿಸಿ ಹೋದರಂತೆ. ಆಮೇಲೆ ಅವನು ರೊಕ್ಕದ ಗಲ್ಲೆಯ ಕೆಳಗಿಂದ ಒಂದು ವಹಿ ತೆಗೆದು ನನ್ನ ಮುಂದೆ ಹಿಡಿದ. ಕೆಂಪು ಗೆರೆ, ದೊಡ್ಡ ಅಕ್ಷರ.

"ಎಲ್ಲಾ ನಿಮ್ಮ ಪುಣ್ಯಾರಿ. ಆ ಮುದುಕನ ಹಳೇ ವಹಿ ದೇವರಿಗೂ ತಿಳೀತಿದ್ದಿಲ್ಲ. ನೀವು ಇಂಥಾ ವಾದ್ಯಕ್ಕ ಇಂಥಾ ಸಾಲು ಅಂತ ಮುತ್ತಿನಂಗ ಬರದೀರಿ. ನಮ್ಮ ಹುಡುಗ ಒಂದ ತಿಂಗಳದಾಗ ಎಲ್ಲಾ ಕೂಡಿಸಿಬಿಟ್ಟ."

ಅಪ್ಪ ನನ್ನ ಕಡೆ ನೋಡಿದರು. ಬೀಗರು ಕೀಬೋರ್ಡಿನ ಬ್ಯಾಂಡೇ ಬೇಕು ಎಂದು ಹೇಳಿ ಕಳಿಸಿದ್ದರು. ನಾನು ಬಾಯಿ ಬಿಡಲಿಲ್ಲ. 

ಲಗ್ನದ ದಿನ ಮೆರವಣಿಗೆ ನಮ್ಮ ಓಣಿಗೆ ಬಂತು. ಕೈಗಾಡಿಯ ಮೇಲೆ ಬ್ಯಾಟರಿ, ಮೈಕಿನ ಎರಡು ಕರ್ಣ, ನಡುವೆ ಮೀಸೆಯ ಆಳು. ಹಾಡು ಚಾಚಾ ಕೂಡಿಸಿದ್ದೇ. ಆದರೆ ಎಲ್ಲಿಯೂ ನಿಲುಗಡೆಯಿಲ್ಲ, ಉಸಿರು ತೆಗೆಯುವ ಸಂದಿಲ್ಲ. ಆಗ ನನಗೆ ತಿಳಿಯಿತು. ನಾನು ಮುಚ್ಚಿದ ಆ ಖಾಲಿ ಜಾಗಗಳು ಒಬ್ಬೊಬ್ಬರ ಉಸಿರಿನ ಅಳತೆ. ಯೂಫೋನಿಯಂ ಊದುತ್ತಿದ್ದ ಲಕ್ಷ್ಮೇಶ್ವರದವರಿಗೆ ದಮ್ಮಿನ ಬೇನೆಯಿತ್ತು. ಪ್ರತಿ ನಾಲ್ಕು ಸ್ವರಕ್ಕೆ ಅವರಿಗೊಂದು ಬಿಡುವು. ಶಿರಹಟ್ಟಿಯ ಇಮಾಮರಿಗೆ ಮುಂದಿನ ಎರಡು ಹಲ್ಲಿರಲಿಲ್ಲ, ಮೇಲಿನ ಸ ಹತ್ತುತ್ತಿರಲಿಲ್ಲ. ಅಲ್ಲಿಗೆ ಅವರ ಸಾಲು ನಿಂತು, ಚಾಚಾ ಅದನ್ನು ಎತ್ತಿಕೊಳ್ಳುತ್ತಿದ್ದರು. ಕೇಳುವವರಿಗೆ ಬೇಕೆಂದೇ ದನಿ ಬದಲಿಸಿದ ಹಾಗೆ ಕೇಳುತ್ತಿತ್ತು, ಅದಕ್ಕೇ ಅಷ್ಟು ಚಂದ.

ಗಾಡಿ ಚಾಚಾನ ಮನೆಯ ಮುಂದೆ ಬಂತು. ಚಾಚಿ ಹೋಗಿ ಆಗ ಎರಡು ತಿಂಗಳು. ಮೊದಲೆಲ್ಲ ಸಾವಾದ ಮನೆ ಬಂದರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಬ್ಯಾಂಡು ತಾನೇ ತಗ್ಗುತ್ತಿತ್ತು, ಕ್ಲಾರಿನೆಟ್ಟೊಂದೇ ಸಣ್ಣಗೆ ನಡೆದು ಆ ಮನೆ ದಾಟುತ್ತಿತ್ತು. ಅದು ಬ್ಯಾಂಡಿನವರಿಗೆ ಗೊತ್ತೇ ಇರುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಅಪ್ಪ ಕೈಯೆತ್ತಿ ನಿಲ್ಲಿಸಿರಪ್ಪಾ ಎಂದು ಕೂಗಿದರು. ಆ ಕರ್ಣದ ಅಬ್ಬರದಲ್ಲಿ ಯಾರಿಗೆ ಕೇಳಬೇಕು? ಚಾಚಾ ಬಾಗಿಲಲ್ಲಿ ನಿಂತಿದ್ದರು, ಲಗ್ನಕ್ಕೆಂದು ಬಿಳಿ ಅಂಗಿ ಹಾಕಿಕೊಂಡು. ಅವರ ಮುಂದೆಯೇ ಕೀಬೋರ್ಡಿನ ಕ್ಲಾರಿನೆಟ್ಟು ಗಟ್ಟಿಯಾಗಿ ಊದುತ್ತ ದಾಟಿಹೋಯಿತು. ಅವರು ನೆಲ ನೋಡುತ್ತ ನಿಂತಿದ್ದರು. ಬಾಗಿಲು ಹಾಕಿಕೊಳ್ಳಲಿಲ್ಲ. ಲಗ್ನದ ಮೆರವಣಿಗೆಗೆ ಬಾಗಿಲು ಹಾಕಬಾರದು ಎಂದು ಇರಬೇಕು...

ಮರುದಿನ ಬುಂದಿ ಲಾಡು ತೆಗೆದುಕೊಂಡು ಹೋದೆ. ಹುಡುಗಿ ಸುಖವಾಗಿರಲಿ ಎಂದು ಹರಸಿದರು. ನೌಕರಿಯ ಮಾತೂ ಇಲ್ಲ, ಮಾಲಕನ ಮೇಲೆ ಸಿಟ್ಟೂ ಇಲ್ಲ. ಹೊರಡುವಾಗ ಒಂದೇ ಮಾತು ಕೇಳಿದರು.

"ಆ ಹಳೇ ವಹಿ ಐತೇನವ್ವಾ ನಿನ್ನ ಕಡೆ? ಇದ್ರ ಕೊಡು. ಬಾರಸಾಕ ಅಲ್ಲ. ನಮ್ಮ ಮಂದಿ ಹೆಸರ ಅದರಾಗ ಇದ್ದುವು. ಒಬ್ಬೊಬ್ಬರ ಹೋಗಾಕತ್ತಾರ."

ಹುಡುಕುತ್ತೇನೆ ಚಾಚಾ ಎಂದೆ.

ಒಂದು ವರ್ಷ ಹೀಗೇ ಸುಳ್ಳು ಹೇಳಿದೆ. ಬೆಟಗೇರಿಗೆ ಬಂದಾಗೊಮ್ಮೆ, ಸಿಕ್ಕಿತೇನವ್ವಾ ಎಂದು ಅವರು ಕೇಳುವರು. ಅಟ್ಟದ ಮೇಲೆ ನೋಡಬೇಕು, ಟ್ರಂಕಿನಲ್ಲಿ ನೋಡಬೇಕು ಎಂದು ನಾನು ಹೇಳುವೆ. ಕಲಿತವಳ ಮಾತೆಂದು ಅವರು ನಂಬುವರು. ಕೊನೆಗೊಂದು ದಿನ ತಡೆಯದೆ ಹೇಳಿಬಿಟ್ಟೆ.

"ಚಾಚಾ, ವಹಿ ಇಲ್ರಿ. ಅವತ್ತ ನಾನ ಒಲಿಗೆ ಕೊಟ್ಟೀನಿ."

ಅವರ ಬೆರಳುಗಳು ಮೊಣಕಾಲ ಮೇಲೆ ಸುಮ್ಮನೆ ಆಡುತ್ತಿದ್ದುವು, ನಿಂತವು. "ಆತು ಬಿಡು. ಪೆನ್ನ ಐತೇನು? ಬರಕೋ" ಎಂದರು.

ಒಂದೊಂದೇ ಹೆಸರು ಹೇಳುತ್ತ ಹೋದರು. ಇಮಾಮ. ಯಲ್ಲಪ್ಪ. ಇನ್ನೂ ಮೂವರು. ಆರನೆಯವರಿಗೆ ಬಂದು ತಡವರಿಸಿದರು. "ಅಂವಾ... ಲಕ್ಷ್ಮೇಶ್ವರದಾಂವ... ನನ್ನ ಬಾಜೂಕ ನಿಂದರತಿದ್ದ. ಇಪ್ಪತ್ತ ವರ್ಷ." ಕಣ್ಣು ಮುಚ್ಚಿದರು, ತೆರೆದರು. ಕೊನೆಗೆ, "ಯೂಫೋನಿಯಂ" ಎಂದರು.

ಹಾಗೆಂದು ನನ್ನ ಕಡೆ ನೋಡಿದರು. ಹೇಳು ಎನ್ನುವ ಹಾಗೆ. ನಾನು ಆ ಹೆಸರನ್ನು ಹದಿನೈದು ದಿನ ಕಣ್ಣಿಂದ ನೋಡಿ ನೋಡಿ ಕೈಯಿಂದ ಬಿಟ್ಟವಳು. ನನಗೂ ನೆನಪಿರಲಿಲ್ಲ.

ನಾನು ಕೆಲಸ ಮಾಡುವ ಊರೇ ಅಲ್ಲವೇ, ಕೇಳಿಕೊಂಡು ಬರುತ್ತೇನೆ ಎಂದೆ. ಖರೆ ಹೇಳಬೇಕೆಂದರೆ ಬೇಗ ಕೇಳಲಿಲ್ಲ. ಪರೀಕ್ಷೆ, ಪೇಪರು, ಆಮೇಲೆ ನನ್ನ ಬಾಣಂತನ. ಕಡೆಗೊಮ್ಮೆ ಲಕ್ಷ್ಮೇಶ್ವರದ ಓಣಿ ಓಣಿ ಕೇಳುತ್ತ ಹೋಗಿ ಅವರ ಮನೆ ಹಿಡಿದೆ. ಅವರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಅವರ ಹೆಂಡತಿ ಗಂಡನ ಹೆಸರು ಬಾಯಿಂದ ಹೇಳಲಿಲ್ಲ. ಒಳಗಿದ್ದ ಮಗನನ್ನು ಕರೆದು ಹೇಳಿಸಿದಳು. ಫಕ್ಕೀರಪ್ಪ.

ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಆ ಶನಿವಾರವೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಹೆಸರನ್ನು ಬಾಯೊಳಗೇ ಹೇಳಿಕೊಳ್ಳುತ್ತ ಬಂದೆ, ಮತ್ತೆ ಮರೆತೀನೆಂದು. ಚಾಚಾ ಕಟ್ಟೆಯ ಮೇಲೆ ಕೂತಿದ್ದರು, ಬಹಳ ಇಳಿದುಹೋಗಿದ್ದರು. ಸೊಸೆ ಬಾಗಿಲಲ್ಲಿ ನಿಂತು, ಈಗೀಗ ಅವರಿಗೆ ಯಾರ ಗುರುತೂ ಹತ್ತುವುದಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದಳು. ನಾನು ಹತ್ತಿರ ಕೂತು ಹೇಳಿದೆ.

"ಚಾಚಾ, ಹೆಸರ ಸಿಕ್ತರಿ. ಫಕ್ಕೀರಪ್ಪ."

"ಯಾರವ್ವಾ ಅಂವಾ?"

"ನಿಮ್ಮ ದೋಸ್ತರಿ. ನಿಮ್ಮ ಬಾಜೂಕ ನಿಂತ ಊದತಿದ್ರು."

"ಹೌದೇನು?" ಗುರುತಿಲ್ಲದವರ ಜೊತೆ ಮರ್ಯಾದೆಗೆ ನಗುತ್ತಾರಲ್ಲ, ಹಾಗೆ ನಕ್ಕರು. "ಛಲೋ ಊದತಿದ್ನೇನು?"

"ಛಲೋ ಊದತಿದ್ರು ಚಾಚಾ."

ಆ ಚಳಿಗಾಲ ಅವರು ದಾಟಲಿಲ್ಲ.

ಅಡುಗೆಮನೆಯಿಂದ ಹೊರಬಂದು ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಕೇಳಿದಳು. ಆಮೇಲೆ ಆ ಪಟ್ಟಿ ತೆರೆದು, ಚಾಚಾನ ಕ್ಲಾರಿನೆಟ್ ಯಾವುದರ ಹಾಗೆ ಇತ್ತು ಹೇಳು, ಹುಡುಕಿ ಹಾಕುತ್ತೇನೆ ಎಂದಳು. ಅದರಲ್ಲಿ ಕ್ಲಾರಿನೆಟ್ಟೇ ಆರೇಳು ಬಗೆಯವು ಇದ್ದುವು. ಒಂದೊಂದನ್ನೇ ಕೇಳಿಸಿದಳು. ಅವರು ಊದುತ್ತಿದ್ದ ಸ್ವರ ನನಗೆ ಇವತ್ತಿಗೂ ಬಾಯಿಪಾಠ, ಕೈಯಾರೆ ಬರೆದವಳಲ್ಲವೇ. ನಾನೇ ಸ್ವರ ಹೇಳಿಕೊಟ್ಟೆ, ಅವಳು ದನಿ ಬದಲಿಸುತ್ತ ಹೋದಳು. ಇದಲ್ಲ ಎಂದೆ. ಇದೂ ಅಲ್ಲ. ಇದೂ ಅಲ್ಲ.

ಎಲ್ಲ ಮುಗಿದ ಮೇಲೆ ಅವಳು, ಹಾಗಾದರೆ ಹೇಗಿತ್ತವ್ವಾ ಎಂದು ಕೇಳಿದಳು. ಕಣ್ಣು ಮುಚ್ಚಿ ಕೂತೆ. ಎದುರಿನ ಕಟ್ಟೆ ಕಂಡಿತು, ಉಬ್ಬಿದ ಗಲ್ಲ ಕಂಡಿತು, ಬೆರಳುಗಳು ಎದ್ದು ಬೀಳುವುದೂ ಕಂಡಿತು. ಸದ್ದು ಮಾತ್ರ ಇರಲಿಲ್ಲ. ಅಲ್ಲ, ಅಲ್ಲ ಎಂದು ಇಷ್ಟು ಹೊತ್ತು ಹೇಳಿದೆನಲ್ಲ, ಹೌದು ಎನ್ನಬೇಕಾದದ್ದು ಯಾವುದೆಂದು ನನಗೇ ಗೊತ್ತಿಲ್ಲ.